ಈರಯ್ಯನ ಕೈಗೆ ಸಿಗದ ಪೊರಕೆ

ಜೈಲಿಗೆ ಹಾಕುವ ಬದಲು ಕೈಗೊಂದು ಪೊರಕೆ ಕೊಟ್ಟರೆ ಮನುಷ್ಯ ಸುಧಾರಿಸುತ್ತಾನೆಯೇ ಎಂದು ಕಾನೂನು ತಿಳಿದವರು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ಮಾಡಲಿ ಪಾಪ, ಅವರಿಗೂ ಹೊತ್ತು ಹೋಗಬೇಕಲ್ಲ. ಆದರೆ ಅವರಲ್ಲಿ ಒಬ್ಬರಾದರೂ ಕಗ್ಗದಾಸಪುರಕ್ಕೆ ಬಂದು ಈರಯ್ಯನನ್ನು ಒಂದು ಮಾತು ಕೇಳಬೇಕಿತ್ತು. ಶಿಕ್ಷೆಯೇನೋ ಬಲು ಚೆನ್ನಾಗಿದೆ, ಆದರೆ ಆ ಪೊರಕೆ ಕೈಗೆ ಸಿಗುವುದೇ ಕಷ್ಟ ಎಂದು ಅವನು ಹೇಳುತ್ತಿದ್ದ.

ಈರಯ್ಯ ಕಲಬುರಗಿ ಕಡೆಯವನು. ಇಂದಿರಾನಗರದ ಒಂದು ಫರ್ನಿಚರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಒಂದು ಸೀಟಿ. ಸೀಟಿ ಏಕೆಂದರೆ ಅವನು ತನ್ನ ಅಡ್ಡರಸ್ತೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಬೆಳಿಗ್ಗೆ ಕಸದ ಆಟೋ ಬರುತ್ತಲೇ ಸೀಟಿ ಊದಿ, ಗೇಟಿನ ಮುಂದೆ ನಿಂತು, ಹಸಿ ಕಸಕ್ಕೆ ಒಣ ಕಸ ಬೆರೆಸಿದವರು ಯಾರೆಂದು ಒಬ್ಬೊಬ್ಬರ ಬಕೆಟ್ಟಿನೊಳಗೂ ಇಣುಕಿ, "ಶಿಸ್ತು ಬೇಕ್ರೀ, ಶಿಸ್ತು!" ಎಂದು ಗದರದಿದ್ದರೆ ಅವನಿಗೆ ತಿಂಡಿ ಒಳಗಿಳಿಯುತ್ತಿರಲಿಲ್ಲ.

ಇಂಥ ಶಿಸ್ತಿನ ಮನುಷ್ಯನಿಗೆ ಒಂದೇ ಒಂದು ಕೆಟ್ಟ ಚಟವಿತ್ತು, ಕುತೂಹಲ. "ಪೇಂಟ್ ಹಸಿ ಇದೆ, ಮುಟ್ಟಬೇಡಿ" ಎಂದು ಬರೆದು ಹಾಕಿದ್ದರೆ ಅವನ ಬೆರಳು ತಾನಾಗಿ ಹೋಗಿ ಮುಟ್ಟಿ ಬರುತ್ತಿತ್ತು. ಅಪಾಯ ಬಂದಾಗ ಮಾತ್ರ ಒತ್ತಬೇಕಾದ ಕೆಂಪು ಗುಂಡಿಯನ್ನು ಒಮ್ಮೆ ಸುಮ್ಮನೆ ಒತ್ತಿ, ಅಂಗಡಿಯ ಗಿರಾಕಿಗಳೆಲ್ಲ ಸೋಫಾ ಬಿಟ್ಟು ಬೀದಿಗೆ ಓಡುವಂತೆ ಮಾಡಿದ್ದ.

ಹೆಂಡತಿ ಸಂಗಮ್ಮ ಇದನ್ನೆಲ್ಲ ಸಹಿಸಿಕೊಂಡಿದ್ದಳು. ಸಹಿಸದಿದ್ದದ್ದು ಒಂದೇ, ಕುಡಿತ. ಅವಳ ಅಣ್ಣ ಸಾಯಬಣ್ಣ ಬಾಟಲಿಯ ಹಿಂದೆ ಬಿದ್ದು, ಹೆಂಡತಿ ಮಕ್ಕಳನ್ನು ಬಿಟ್ಟು, ಕೊನೆಗೆ ಜೀವವನ್ನೂ ಬಿಟ್ಟಿದ್ದ. ಅದಕ್ಕೇ ಹೆಣ್ಣು ನೋಡಲು ಬಂದ ಈರಯ್ಯನನ್ನು ಅವಳು ಸಂಬಳ ಕೇಳಲಿಲ್ಲ, ಮನೆ ಕೇಳಲಿಲ್ಲ. "ಕುಡಿತೀರೇನು?" ಎಂದಷ್ಟೇ ಕೇಳಿದಳು. ಈರಯ್ಯ ಕೊರಳ ಲಿಂಗ ಮುಟ್ಟಿ ಆಣೆ ಮಾಡಿದ. ಮಗಳು ಸೃಷ್ಟಿ ಓದು ಮುಗಿಸಿ ಕೆಲಸಕ್ಕೆ ಸೇರುವವರೆಗೂ ಆ ಆಣೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಗೀರು ಬಿದ್ದದ್ದು ಹಲಸೂರಿನ ಒಂದು ಹೋಟೆಲಿನಲ್ಲಿ, ಮಟಮಟ ಮಧ್ಯಾಹ್ನ. ಜೊತೆಗೆ ಕೆಲಸ ಮಾಡುವ ಬಸವಪ್ರಭು ಬಡ್ತಿ ಸಿಕ್ಕಿದ ಖುಷಿಗೆ ಎಲ್ಲರನ್ನೂ ಊಟಕ್ಕೆ ಕರೆದಿದ್ದ. ಮೇಜಿನ ಮೇಲೆ ಹೊಂಬಣ್ಣದ ಒಂದು ಗ್ಲಾಸು ಯಾರಿಗೂ ಬೇಡವಾಗಿ ಕೂತಿತ್ತು. ಇದರಲ್ಲಿ ಅಂಥದ್ದೇನಿದೆ ಎಂದು ಈರಯ್ಯನಿಗೆ ಅನ್ನಿಸಿತು, ಅಷ್ಟೇ. ಒಂದು ಗುಟುಕು ಕುಡಿದ. ಅಂಥದ್ದೇನೂ ತಿಳಿಯಲಿಲ್ಲ. ತಿಳಿಯಲಿಲ್ಲವಲ್ಲ ಎಂದು ಇನ್ನೊಂದು ಕುಡಿದ. ಹೀಗೆ ಸಂಶೋಧನೆ ಮುಂದುವರಿಯುತ್ತ ಹೋಗಿ, ಬಸವಪ್ರಭು ಕೈತೊಳೆದು ಬರುವಷ್ಟರಲ್ಲಿ ಈರಯ್ಯ ಹೋಟೆಲಿನಲ್ಲಿ ಇರಲಿಲ್ಲ.

ಅವನು ಹೊರಗಿನ ವೃತ್ತದಲ್ಲಿದ್ದ. ಸಿಗ್ನಲ್ ಕೆಟ್ಟು ನಿಂತಿತ್ತು, ನಾಲ್ಕೂ ಕಡೆಯಿಂದ ವಾಹನಗಳು ಮುಖಕ್ಕೆ ಮುಖ ಕೊಟ್ಟು ಕೂಗಾಡುತ್ತಿದ್ದವು. ಇದನ್ನು ಕಂಡ ಈರಯ್ಯನ ಶಿಸ್ತು ಕೆರಳಿತು. ಜೇಬಿನ ಸೀಟಿ ಬಾಯಿಗೆ ಬಂತು. ಬಸ್ಸನ್ನು ತಡೆದ, ಆಟೋಗಳನ್ನು ಸಾಲಾಗಿ ನಿಲ್ಲಿಸಿದ, ಒಬ್ಬ ಸ್ಕೂಟರಿನವನಿಗೆ ಹೆಲ್ಮೆಟ್ಟಿನ ಬಕಲ್ ಹಾಕಿಕೊಟ್ಟ. ಅಲ್ಲಿದ್ದವರು ಇಂದಿಗೂ ಹೇಳುವ ಪ್ರಕಾರ ಆ ವೃತ್ತದಲ್ಲಿ ಟ್ರಾಫಿಕ್ ಅಷ್ಟು ಸರಾಗವಾಗಿ ಹಿಂದೆಂದೂ ಹೋಗಿರಲಿಲ್ಲ. ಕೆಟ್ಟದ್ದು ಒಂದೇ ಒಂದು ಗಳಿಗೆಯಲ್ಲಿ. ಪೊಲೀಸ್ ಜೀಪನ್ನೂ ತಡೆದು, ಕಿಟಕಿಯೊಳಗೆ ತಲೆ ತೂರಿಸಿ, ಇನ್ಸ್‌ಪೆಕ್ಟರ ಮೂಗಿನ ಹತ್ತಿರವೇ ಬಾಯಿಟ್ಟು, "ಬೆಲ್ಟ್ ಎಲ್ಲಿ? ಶಿಸ್ತು ಬೇಕ್ರೀ!" ಎಂದುಬಿಟ್ಟ.

ಹೀಗೆ ಈರಯ್ಯ ಮೇಯೋ ಹಾಲಿನ ಕೋರ್ಟಿನಲ್ಲಿ ನಿಂತ.

"ದಂಡ ಎಷ್ಟಂತ ಹೇಳ್ರಿ ಮೇಡಂ, ನಿಂತ ಕಾಲಾಗ ಕಟ್ಟಿಬಿಡ್ತೀನಿ" ಎಂದು ಕೈಮುಗಿದ.

ಮ್ಯಾಜಿಸ್ಟ್ರೇಟ್ ಮೇಡಂ ಕನ್ನಡಕ ತೆಗೆದು ಅವನ ವಿಭೂತಿಯನ್ನೂ ಮುಖವನ್ನೂ ಸ್ವಲ್ಪ ಹೊತ್ತು ನೋಡಿದರು. "ದಂಡ ಕಟ್ಟಿ ಹೋದ್ರೆ ನಾಳೆಗೆ ಮರೆತುಬಿಡ್ತೀರಿ. ಹೊಸ ಕಾನೂನಲ್ಲಿ ಸಮುದಾಯ ಸೇವೆ ಅಂತ ಒಂದು ಶಿಕ್ಷೆ ಬಂದಿದೆ. ನಾನಿನ್ನೂ ಯಾರಿಗೂ ಕೊಟ್ಟಿಲ್ಲ. ಅದು ಹೇಗೆ ಕೆಲಸ ಮಾಡುತ್ತೆ ನೋಡೋಣ ಅಂತ ನನಗೂ ಕುತೂಹಲ ಇದೆ."

ಕುತೂಹಲ ಎಂಬ ಮಾತು ಕಿವಿಗೆ ಬಿದ್ದದ್ದೇ ಈರಯ್ಯ ಮುಗಿದ ಕೈಯನ್ನು ತಲೆಯ ಮೇಲಕ್ಕೆತ್ತಿದ. ಅದು ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆಂದು ಅವನಷ್ಟು ಬಲ್ಲವರು ಆ ಕೋರ್ಟಿನಲ್ಲಿ ಬೇರೆ ಯಾರೂ ಇರಲಿಲ್ಲ.

ನಾಲ್ಕು ಭಾನುವಾರ ಹಲಸೂರಿನ ಒಂದು ಗಲ್ಲಿಯ ಮೂಲೆಯನ್ನು ಗುಡಿಸಬೇಕು, ಪಾಲಿಕೆಯ ಆರೋಗ್ಯ ನಿರೀಕ್ಷಕರು ನಿಂತು ನೋಡಿ ವರದಿ ಕೊಡಬೇಕು ಎಂದು ಆದೇಶವಾಯಿತು. ಮಾಡದಿದ್ದರೆ ಜೈಲು. ಜೈಲು ಎಂದರೆ ಪರಪ್ಪನ ಅಗ್ರಹಾರ, ಪರಪ್ಪನ ಅಗ್ರಹಾರ ಎಂದರೆ ಮನೆ ಬಾಗಿಲಿಗೆ ಪೊಲೀಸು, ಮನೆ ಬಾಗಿಲು ತೆಗೆಯುವವಳು ಸಂಗಮ್ಮ. ಜೈಲಿನ ಹೆಸರಿಗಿಂತ ಈ ಕೊನೆಯ ಹೆಸರಿಗೇ ಈರಯ್ಯ ಹೆಚ್ಚು ಹೆದರಿದ. ಸದ್ಯ, ಹಲಸೂರು ಮನೆಯಿಂದ ದೂರ, ಅಲ್ಲಿ ತನ್ನ ಗುರುತಿನವರು ಒಬ್ಬರೂ ಇಲ್ಲ ಎಂದು ಸಮಾಧಾನ ಮಾಡಿಕೊಂಡ. ಸಂಗಮ್ಮನಿಗೆ, ಅಂಗಡಿಯಲ್ಲಿ ಭಾನುವಾರ ಆಡಿಟ್ ಇದೆ ಎಂದು ಹೇಳಿದ.

ಆ ಮೂಲೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್, ಅದರ ಬುಡದಲ್ಲಿ ಯಾವ ಕಾಲದಿಂದಲೋ ಬೆಳೆಯುತ್ತ ಬಂದ ಕಸದ ರಾಶಿ. ಒಂದು ಪಕ್ಕದಲ್ಲಿ ಮುನೀರನ ಚಹಾ ಅಂಗಡಿ, ಇನ್ನೊಂದು ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಹೂ ಮಾರುವ ಮುನಿವೆಂಕಟಮ್ಮ. ಆರೋಗ್ಯ ನಿರೀಕ್ಷಕ ಹುಸೇನಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅವನೂ ಇಂಥ ಕೆಲಸ ಮಾಡುತ್ತಿರುವುದು ಇದೇ ಮೊದಲು.

"ನೋಡಿ, ನಾನು ಕಣ್ಣಲ್ಲಿ ಕಂಡದ್ದನ್ನ ಮಾತ್ರ ಬರೆಯೋನು" ಎಂದು ಕಡ್ಡಿ ಪೊರಕೆಯೊಂದನ್ನು ಈರಯ್ಯನ ಕೈಗೆ ಕೊಟ್ಟ. "ಗುಡಿಸಿದ್ರೆ ಗುಡಿಸಿದರು ಅಂತ ಬರೀತೀನಿ. ಕೂತ್ರೆ ಕೂತರು ಅಂತ ಬರೀತೀನಿ. ಇನ್ನು ನೀವು ಯಾಕೆ ಬಂದ್ರಿ, ಎಲ್ಲಿಂದ ಬಂದ್ರಿ ಅಂತ ಊರಿಗೆ ಸಾರೋದು ನನ್ನ ಡ್ಯೂಟಿ ಅಲ್ಲ."

ಈ ಕೊನೆಯ ಮಾತು ಕೇಳಿ ಈರಯ್ಯನಿಗೆ ಅವನ ಕಾಲಿಗೆ ಬೀಳಬೇಕೆನ್ನಿಸಿತು. ಮುಖಕ್ಕೆ ಟವೆಲ್ ಸುತ್ತಿಕೊಂಡು ಕಣ್ಣು ಮಾತ್ರ ಬಿಟ್ಟು ಗುಡಿಸಲು ನಿಂತ. ಹುಟ್ಟಿದಾಗಿನಿಂದ ಪೊರಕೆ ಹಿಡಿದವನಲ್ಲ. ಒಂದು ಕಡೆ ತಳ್ಳಿದ ಕಸ ಇನ್ನೊಂದು ಕಡೆಯಿಂದ ಅವನ ಚಪ್ಪಲಿಯೊಳಕ್ಕೇ ಬರುತ್ತಿತ್ತು.

"ಅರೆ ಸಾಬ್, ಪೊರಕೇನ ಹಂಗೆ ಹಿಡೀತಾರಾ? ಬ್ಯಾಟ್ ಇದ್ದಂಗೆ ಹಿಡ್ಕೊಂಡವ್ರೆ ನೋಡಿ!" ಎಂದ ಮುನೀರ್, ಚಹಾ ಸೋಸುತ್ತ. "ಹೊಸದಾಗಿ ಕೆಲಸಕ್ಕೆ ಸೇರಿದ್ರಾ?"

ಈರಯ್ಯ ಟವೆಲಿನೊಳಗಿಂದಲೇ ಹೂಂ ಎಂದ. ಮಧ್ಯಾಹ್ನದ ಹೊತ್ತಿಗೆ ಅರ್ಧ ರಾಶಿ ಖಾಲಿಯಾಗಿತ್ತು, ಅವನ ಸೊಂಟ ಪೂರ್ತಿ ಹೋಗಿತ್ತು. ಆದರೆ ಮನಸ್ಸು ಹಗುರಾಗಿತ್ತು. ಒಂದು ಭಾನುವಾರ ಮುಗಿಯಿತಲ್ಲ.

ಮುಗಿದಿರಲಿಲ್ಲ. ಅವನ ಎದುರು ಮನೆಯ ರಾಮಲಕ್ಷ್ಮಮ್ಮನ ತವರು ಹಲಸೂರು. ಆಕೆ ವಾರ ತಪ್ಪಿದರೂ ಸೋಮೇಶ್ವರನ ದರ್ಶನ ತಪ್ಪಿಸುವವಳಲ್ಲ. ಅಡ್ಡರಸ್ತೆಯ ಸಮಸ್ತ ಸುದ್ದಿಯೂ ಆಕೆಯ ಮೂಲಕವೇ ಹೊರಡಬೇಕೆಂಬ ನಿಯಮ ಕಗ್ಗದಾಸಪುರದಲ್ಲಿ ಹೇಗೋ ಜಾರಿಯಾಗಿಬಿಟ್ಟಿತ್ತು. ದೇವಸ್ಥಾನದಿಂದ ಬರುತ್ತ ಹೂವಿಗೆಂದು ನಿಂತ ಆಕೆ, ಟವೆಲಿನ ಮೇಲೆ ಕಾಣುತ್ತಿದ್ದ ವಿಭೂತಿಯನ್ನೂ ಜೇಬಿನಿಂದ ಇಣುಕುತ್ತಿದ್ದ ಸೀಟಿಯನ್ನೂ ಕಂಡಳು. ಮಾತಾಡಿಸಲಿಲ್ಲ. ಫೋಟೋ ತೆಗೆದಳು.

ಈರಯ್ಯ ಮನೆ ಸೇರುವಷ್ಟರಲ್ಲಿ ರಸ್ತೆಯ ವಾಟ್ಸಾಪ್ ಗುಂಪಿನಲ್ಲಿ ಅವನು ಮಹಾತ್ಮನಾಗಿದ್ದ. "ನಮ್ಮ ಕಾರ್ಯದರ್ಶಿಗಳು ರಜೆಯ ದಿನ ಬೇರೆಯವರ ಏರಿಯಾಕ್ಕೆ ಹೋಗಿ ಗುಟ್ಟಾಗಿ ಕಸ ಗುಡಿಸುತ್ತಿದ್ದಾರೆ. ಪ್ರಚಾರ ಬೇಡವೆಂದು ಮುಖ ಕೂಡ ಮುಚ್ಚಿಕೊಂಡಿದ್ದಾರೆ. ನೋಡಿ ಕಣ್ಣಲ್ಲಿ ನೀರು ಬಂತು" ಎಂದು ರಾಮಲಕ್ಷ್ಮಮ್ಮ ಬರೆದಿದ್ದಳು. ಕೆಳಗೆ ಮುಗಿದ ಕೈಗಳ ಚಿತ್ರಗಳು ಸಾಲುಗಟ್ಟಿದ್ದವು.

ಕೈಮುಗಿಯದಿದ್ದವಳು ಸಂಗಮ್ಮ ಒಬ್ಬಳೇ. ಫೋನನ್ನು ಗಂಡನ ಮುಖದ ಮುಂದೆ ಹಿಡಿದಳು.

"ಮನ್ಯಾಗ ನೀರು ಕುಡದ ಲೋಟಾ ಎತ್ತಿ ಇಡಂಗಿಲ್ಲ ನೀವು. ಹಲಸೂರಿಗಿ ಹೋಗಿ ಮಂದಿ ಕಸಾ ಹೊಡಿಲತ್ತೀರಿ? ಆಡಿಟ್ ಅಂದಿದ್ರಿ?"

"ಅದು... ಹೇಳಿದ್ರ ಪುಣ್ಯಾ ಕಡಿಮಿ ಆಗ್ತದ ಅಂತ ಹೇಳಲಿಲ್ಲ. ಇದು ಕಾಯಕ, ಸಂಗಮ್ಮ, ಕಾಯಕ!"

ಸಂಗಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನೋ ಅದ" ಎಂದಷ್ಟೇ ಹೇಳಿ ರೊಟ್ಟಿ ಬಡಿಯಲು ಹೋದಳು. ಆ ಸಂಜೆ ರೊಟ್ಟಿ ಬಡಿಯುವ ಸದ್ದು ಎಂದಿಗಿಂತ ಜೋರಾಗಿತ್ತು.

ಎರಡನೆಯ ಭಾನುವಾರ ಈರಯ್ಯ ಹಲಸೂರಿನ ಮೂಲೆ ಮುಟ್ಟಿದಾಗ ಅಲ್ಲಿ ಶಾಮಿಯಾನ ಹಾಕಿತ್ತು.

ಟೆಂಪೋ ಟ್ರಾವೆಲರಿನಲ್ಲಿ ಇಡೀ ಅಡ್ಡರಸ್ತೆಯೇ ಬಂದಿಳಿದಿತ್ತು. ಮುಂದಾಳು ಮುತ್ತಣ್ಣ. ಈತ ಬರುವ ಪಾಲಿಕೆ ಚುನಾವಣೆಗೆ ನಿಲ್ಲಲೇಬೇಕೆಂದು ಬಿಳಿ ಅಂಗಿ ಹೊಲಿಸಿಕೊಂಡು ಕೂತವನು. ಚುನಾವಣೆ ಬರುತ್ತಿರಲಿಲ್ಲ, ಅಂಗಿ ಹಳದಿಯಾಗುತ್ತಿತ್ತು. ಅವನ ಕೈಯಲ್ಲಿ ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ನಮ್ಮ ಜನ ಯಾರನ್ನಾದರೂ ಮೆಚ್ಚಿದರೆ ಸುಮ್ಮನೆ ಮೆಚ್ಚಿ ಮನೆಗೆ ಹೋಗುವುದಿಲ್ಲ. ಕುರ್ಚಿಯ ಮೇಲೆ ಕೂರಿಸಿ, ಪೇಟ ತೊಡಿಸಿ, ಫೋಟೋ ತೆಗೆಸಿಕೊಂಡ ಮೇಲೆಯೇ ಬಿಡುವುದು.

ಈರಯ್ಯ ಓಡಿಹೋಗಿ ಪೊರಕೆ ಹಿಡಿದ. ರಾಮಲಕ್ಷ್ಮಮ್ಮ ಇನ್ನೊಂದು ತುದಿ ಹಿಡಿದಳು.

"ಬಿಡಿ ಸಾರ್, ನಾವಿರುವಾಗ ನೀವು ಗುಡಿಸೋದಾ? ಛೆ ಛೆ!"

"ಅಮ್ಮಾ, ನಾನೇ ಗುಡಿಸ್ಬೇಕು! ದಯಮಾಡಿ ಕೊಡ್ರಿ!"

"ಎಂಥಾ ಮನಸ್ಸು ನೋಡ್ರಪ್ಪಾ ಇವರದು!" ಎಂದು ಮುತ್ತಣ್ಣ ಮೈಕಿನಲ್ಲಿ ಗದ್ಗದನಾದ. ಜನ ಚಪ್ಪಾಳೆ ತಟ್ಟಿದರು. ಇಬ್ಬರು ಈರಯ್ಯನ ತೋಳು ಹಿಡಿದೆತ್ತಿ ಕುರ್ಚಿಯಲ್ಲಿ ಕೂರಿಸಿದರು. ತಲೆಗೆ ಪೇಟ ಇಳಿಯಿತು, ಅಳತೆ ದೊಡ್ಡದಾಗಿ ಕಣ್ಣಿನವರೆಗೂ ಇಳಿಯಿತು. ಪೇಟದ ಅಂಚಿನಡಿಯಿಂದ ಅವನು ನೋಡುತ್ತಿದ್ದಂತೆಯೇ, ಮನೆಯ ಮುಂದೆ ಬಿದ್ದ ಚಾಕೊಲೇಟ್ ಕಾಗದವನ್ನೂ ಎತ್ತದ ಅವನ ನೆರೆಹೊರೆಯವರು ಪೊರಕೆಗಾಗಿ ಕಿತ್ತಾಡುತ್ತ, ಉಳಿದ ಅರ್ಧ ರಾಶಿಯನ್ನು ಬಳಿದು ಸಾಗಿಸಿಬಿಟ್ಟರು.

ಈರಯ್ಯ ಹುಸೇನಪ್ಪನ ಕಡೆ ವಾಲಿ ಪಿಸುಗುಟ್ಟಿದ. "ಸಾಹೇಬ್ರ, ನೀವಾದ್ರೂ ಇವರಿಗಿ ಒಂದು ಮಾತು ಹೇಳ್ರೀ."

"ನೋಡೋದು ನನ್ನ ಡ್ಯೂಟಿ. ಹೇಳೋದಲ್ಲ" ಎಂದ ಹುಸೇನಪ್ಪ, ಬರೆಯುತ್ತಲೇ. "ಅಪರಾಧಿ ಪೊರಕೆ ಹಿಡಿದದ್ದು ಒಂದು ಗಳಿಗೆ. ಹಾರ ಹಾಕಿಸಿಕೊಂಡದ್ದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಇದನ್ನ ಸೇವೆ ಅಂತ ಹೆಂಗೆ ಬರೀಲಿ?"

ಇಷ್ಟಕ್ಕೇ ನಿಂತಿದ್ದರೆ ಈರಯ್ಯ ಹೇಗೋ ಸಂಭಾಳಿಸುತ್ತಿದ್ದ. ಆದರೆ ಈ ಸಂಭ್ರಮವನ್ನೆಲ್ಲ ಮುನೀರ್ ತನ್ನ ಅಂಗಡಿಯಿಂದ ನೋಡಿದ್ದ. ಅವನಿಗೆ ಕೆಟ್ಟ ಸಿಟ್ಟು ಬಂದಿತ್ತು.

"ಕಗ್ಗದಾಸಪುರದಿಂದ ಬಂದು ನಮ್ ಕಸ ಹೊಡೀತಾರಾ? ನಮ್ ಗಲ್ಲಿ ಅಂದ್ರೆ ಅನಾಥಾನಾ? ಇಜ್ಜತ್ ಪ್ರಶ್ನೆ ಇದು!" ಎಂದು ಗಲ್ಲಿಯನ್ನೆಲ್ಲ ಎಬ್ಬಿಸಿದ. ಆ ವಾರವಿಡೀ ಗಲ್ಲಿಯವರು ಸರದಿ ಹಾಕಿಕೊಂಡು ಮೂಲೆಯನ್ನು ಕಾದರು, ತೊಳೆದರು. ಮುನಿವೆಂಕಟಮ್ಮ ದಿನವೂ ಬೆಳಿಗ್ಗೆ ಅಲ್ಲಿ ನೀರು ಚಿಮುಕಿಸಿ ದೊಡ್ಡ ರಂಗೋಲಿ ಬಿಟ್ಟು, ಕಸದ ಕವರು ಹಿಡಿದು ಬಂದವರ ವಂಶವನ್ನೆಲ್ಲ ಬಾಯಿಗೆ ತಂದುಕೊಳ್ಳತೊಡಗಿದಳು. ಅವಳ ಬಾಯಿಗೆ ಹೆದರಿ ಕವರುಗಳು ಬಂದ ದಾರಿಯಲ್ಲೇ ಹಿಂತಿರುಗಿದವು.

ಮೂರನೆಯ ಭಾನುವಾರ ಈರಯ್ಯ ಯಾರಿಗೂ ತಿಳಿಯದಂತೆ ಬೇಗ ಹೊರಟು ಬಂದ. ಪೊರಕೆಯೂ ಸುಲಭವಾಗಿ ಕೈಗೆ ಸಿಕ್ಕಿತು. ಗುಡಿಸಲು ಬಾಗಿದ. ಬಾಗಿದವನು ಹಾಗೇ ನಿಂತ. ಎದುರಿಗೆ ಎಂಟು ದಳದ ಕಮಲದ ರಂಗೋಲಿ, ನಡುವೆ ಒಂದು ಚೆಂಡುಹೂವು. ಕಸ ಎಂಬ ಪದಾರ್ಥವೇ ಇರಲಿಲ್ಲ.

"ಈಗ ಏನ್ ಮಾಡ್ಲಿ ಸಾಹೇಬ್ರ?"

"ಗುಡಿಸಿ."

"ಕಸಾನೇ ಇಲ್ಲಲ್ರೀ!"

ಹುಸೇನಪ್ಪ ಎದ್ದು ರಂಗೋಲಿಯ ಸುತ್ತ ಒಂದು ಸುತ್ತು ಬಂದ. ಅವನಿಗೂ ಇದು ನಿಜಕ್ಕೂ ಹೊಸ ಸಮಸ್ಯೆ. "ಕಸ ಇಲ್ಲದ ಕಡೆ ಪೊರಕೆ ಆಡಿಸಿದ್ರೆ ಗಾಳಿ ಬೀಸಿದ ಹಾಗಾಯ್ತು, ಗುಡಿಸಿದ ಹಾಗಲ್ಲ. ಈ ವಾರಾನೂ ಕೆಲಸ ಆಗಿಲ್ಲ ಅಂತ ಬರೀಬೇಕಾಗುತ್ತೆ. ಇನ್ನು ಒಂದೇ ವಾರ ಉಳಿದಿರೋದು, ಈರಯ್ಯನೋರೇ. ಆಮೇಲೆ ನನ್ನನ್ನ ಬೈಕೋಬೇಡಿ."

ಮನೆಗೆ ಬಂದ ಈರಯ್ಯ ಅನ್ನದ ಮುಂದೆ ಕೂತು ಲೆಕ್ಕ ಹಾಕಿದ. ಜೈಲು ತಪ್ಪಬೇಕಾದರೆ ಗುಡಿಸಬೇಕು. ಗುಡಿಸಬೇಕಾದರೆ ಕಸ ಬೇಕು. ಹಲಸೂರಿನಲ್ಲಿ ಕಸವಿಲ್ಲ. ಕಸ ಎಲ್ಲಿದೆ? ಅವನ ಕಣ್ಣು ನಿಧಾನವಾಗಿ ತನ್ನದೇ ಅಡುಗೆಮನೆಯ ಬಕೆಟ್ಟಿನ ಕಡೆ ತಿರುಗಿತು.

ಮರುದಿನದಿಂದ ಕಸದ ಆಟೋ ಬಂದರೂ ಸೀಟಿ ಕೇಳಿಸಲಿಲ್ಲ. ಸಂಗಮ್ಮ ಬಕೆಟ್ ಎತ್ತಿಕೊಂಡು ಹೊರಟರೆ ಈರಯ್ಯ ಬಾಗಿಲಿಗೆ ಅಡ್ಡ ನಿಂತ.

"ಇರ್ಲಿ, ಇರ್ಲಿ. ಒಯ್ಯಬ್ಯಾಡ."

"ನಾರಲತ್ತದ್ರೀ!"

"ನಾರ್ಲಿ. ಬೇಕಾಗ್ಯಾದ."

"ಕಸಾ ಬೇಕಾಗ್ಯಾದಾ?" ಸಂಗಮ್ಮ ಬಕೆಟ್ಟನ್ನು ಕೆಳಗಿಟ್ಟು ಮಗಳ ಕಡೆ ತಿರುಗಿದಳು. "ಸೃಷ್ಟಿ, ನಿಮ್ಮಪ್ಪಗ ಡಾಕ್ಟರಿಗಿ ತೋರಸಬೇಕು ನೋಡವ್ವ."

ನಾಲ್ಕನೆಯ ಭಾನುವಾರ ಈರಯ್ಯ ಎರಡು ಚೀಲ ಹೊತ್ತುಕೊಂಡು ಹಲಸೂರಿನಲ್ಲಿ ಇಳಿದ. ಎರಡು ಏಕೆಂದರೆ ಒಂದರಲ್ಲಿ ಹಸಿ ಕಸ, ಒಂದರಲ್ಲಿ ಒಣ ಕಸ. ಏನೇ ಆಗಲಿ, ಶಿಸ್ತು ಶಿಸ್ತೇ. ಹುಸೇನಪ್ಪ ಇನ್ನೂ ಬಂದಿರಲಿಲ್ಲ. ಈರಯ್ಯ ಅತ್ತ ಇತ್ತ ನೋಡಿ, ರಂಗೋಲಿಯ ಕಮಲದ ಮೇಲೆ ಒಂದು ವಾರದ ಈರುಳ್ಳಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಹಳಸಿದ ಬೇಳೆಯನ್ನು ಪ್ರೀತಿಯಿಂದ ಹರಡಿದ. ಟ್ರಾನ್ಸ್‌ಫಾರ್ಮರಿಗೆ ಆನಿಸಿಟ್ಟಿದ್ದ ಪೊರಕೆಗೆಂದು ಕೈ ಚಾಚಿದ.

ಹಿಂದಿನಿಂದ ಅವನ ಕಾಲರು ಬಿಗಿಯಾಯಿತು.

"ಸಿಕ್ದ! ಬನ್ರೋ ಎಲ್ಲಾ! ಕಸ ಹಾಕೋ ಕಳ್ಳ ಸಿಕ್ಬಿದ್ದ!" ಎಂದು ಮುನಿವೆಂಕಟಮ್ಮ ಹಲಸೂರು ಕೆರೆಯ ಆಚೆ ದಂಡೆಗೂ ಕೇಳಿಸುವಂತೆ ಕೂಗಿದಳು.

"ಅಮ್ಮಾ, ನಾನು ಗುಡಿಸಾಕ ಹಾಕೀನಿ!"

"ಗುಡಿಸೋಕೆ ಹಾಕಿದ್ಯಾ? ಯಾರ್ ಹತ್ರ ಹೇಳ್ತೀಯಪ್ಪಾ ಕತೆ?"

"ಸಾಬ್ ನೀವಾ?" ಮುನೀರ್ ಚಹಾದ ಪಾತ್ರೆ ಹಿಡಿದೇ ಓಡಿ ಬಂದ. "ಹಾರ ಹಾಕಿಸ್ಕೊಂಡ್ರಲ್ಲ, ಅದೇ ಸಾಬ್ ನೀವು! ತೌಬಾ ತೌಬಾ!"

ಅಷ್ಟರಲ್ಲಿ ಟೆಂಪೋ ಟ್ರಾವೆಲರ್ ಬಂತು. ರಾಮಲಕ್ಷ್ಮಮ್ಮ ಇಳಿದವಳು ದೃಶ್ಯವನ್ನು ನೋಡಿ ಕ್ಷಣವೂ ತಡವರಿಸಲಿಲ್ಲ. "ಕೈ ಬಿಡ್ರೀ! ಕಸ ಹಾಕಿದ್ರೆ ಎಷ್ಟು ಗಲೀಜಾಗುತ್ತೆ ಅಂತ ನಿಮಗೆ ತಿಳುವಳಿಕೆ ಕೊಡ್ತಾ ಇದಾರೆ ಅವರು!" ಎಂದಳು. ಹಲಸೂರಿನವರು ಬೈದರು, ಕಗ್ಗದಾಸಪುರದವರು ತಿರುಗಿ ಬೈದರು. ಕೊನೆಗೆ ಎರಡೂ ಕಡೆಯವರು ಹಟಕ್ಕೆ ಬಿದ್ದು ಆ ಕಸವನ್ನು ಬಳಿದು ಹಾಕಿದರು. ಹುಸೇನಪ್ಪ ಬಂದಾಗ ನೆಲ ಒದ್ದೆಯಾಗಿ ಹೊಳೆಯುತ್ತಿತ್ತು, ಈರಯ್ಯನ ಕಾಲರು ಹರಿದಿತ್ತು, ಪೊರಕೆ ಮುತ್ತಣ್ಣನ ಕೈಯಲ್ಲಿತ್ತು.

ಹುಸೇನಪ್ಪ ಎಲ್ಲರನ್ನೂ ಕೇಳಿ ತಿಳಿದು, ತಲೆ ಕೆರೆದುಕೊಂಡು ವರದಿ ಕಳಿಸಿದ. ಕೋರ್ಟಿನಿಂದ ಕರೆ ಬಂತು. ಕರೆ ತಂದ ಪೇದೆ ದಾರಿ ಕೇಳಿದ್ದು, ಬೇರೆ ಯಾರನ್ನಾದರೂ ಕೇಳಬಾರದಿತ್ತೇ, ರಾಮಲಕ್ಷ್ಮಮ್ಮನನ್ನೇ. "ಕಸ ಎತ್ತುವ ಪುಣ್ಯಾತ್ಮನನ್ನೇ ಕೋರ್ಟಿಗೆ ಎಳೆದಿದ್ದಾರೆ! ಎಲ್ಲರೂ ಮೇಯೋ ಹಾಲಿಗೆ ಬನ್ನಿ!" ಎಂದು ಗುಂಪಿನಲ್ಲಿ ಕರೆ ಹೋಯಿತು.

ಕೋರ್ಟಿನಲ್ಲಿ ಕೂರಲು ಜಾಗವಿರಲಿಲ್ಲ. ಮುತ್ತಣ್ಣ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ. ಯಾರೋ ಪೇಟವನ್ನೂ ತಂದಿದ್ದರು. ಹಿಂದಿನ ಬೆಂಚಿನ ಮೂಲೆಯಲ್ಲಿ, ಸೆರಗು ಬಿಗಿಯಾಗಿ ಹೊದ್ದು ಸಂಗಮ್ಮ ಕೂತಿದ್ದಳು. ಅವಳನ್ನು ಕಂಡದ್ದೇ ಈರಯ್ಯ ಮುಖವನ್ನು ಮೇಡಂ ಕಡೆಗೆ ತಿರುಗಿಸಿಕೊಂಡ.

ಮ್ಯಾಜಿಸ್ಟ್ರೇಟ್ ಮೇಡಂ ವರದಿ ಓದಿ ಮುಗಿಸಿ ತಲೆಯೆತ್ತಿದರು. "ಹುಸೇನಪ್ಪನೋರೇ, ನನಗೆ ಒಂದು ಅರ್ಥ ಆಗ್ತಿಲ್ಲ. ಆ ಮೂಲೆ ಈಗ ಹೇಗಿದೆ?"

"ಕೂತು ಊಟ ಮಾಡಬಹುದು ಮೇಡಂ."

"ಯಾರು ಸ್ವಚ್ಛ ಮಾಡಿದ್ದು?"

"ಮೊದಲ ವಾರ ಅಪರಾಧಿ ಮಾಡಿದ್ರು. ಆಮೇಲೆ ಅವರೊಬ್ಬರನ್ನ ಬಿಟ್ಟು ಎಲ್ಲರೂ ಮಾಡಿದ್ದಾರೆ ಮೇಡಂ."

ಮೇಡಂ ತುಟಿ ಕಚ್ಚಿಕೊಂಡು ನಗು ತಡೆದರು. "ಅಂದರೆ ಶಿಕ್ಷೆ ಕೆಲಸ ಮಾಡಿದೆ, ಶಿಕ್ಷೆಯಾದವರು ಮಾಡಿಲ್ಲ" ಎಂದು ಜನರ ಕಡೆ ತಿರುಗಿದರು. "ನೀವೆಲ್ಲ ಯಾರು?"

"ಇವರ ಪರವಾಗಿ ಬಂದಿದೀವಿ ತಾಯಿ!" ರಾಮಲಕ್ಷ್ಮಮ್ಮ ಎದ್ದು ನಿಂತಳು. "ದೇವರಂಥ ಮನುಷ್ಯ. ಸೇವೆ ಮಾಡಿದ್ದು ತಪ್ಪಾ?"

"ಇವರು ಆ ಪೊರಕೆ ಯಾಕೆ ಹಿಡಿದರು ಅಂತ ನಿಮಗೆ ಗೊತ್ತಾ?" ಎಂದ ಮೇಡಂ ಈರಯ್ಯನನ್ನು ನೋಡಿದರು. ಅವರ ದನಿ ಮೆತ್ತಗಾಯಿತು. "ನೀವೇ ಹೇಳ್ತೀರಾ, ಇಲ್ಲ ನಾನು ಓದಲಾ?"

ಈರಯ್ಯ ಮೇಡಂ ಕಡೆ ನೋಡಲಿಲ್ಲ. ಹಿಂದಿನ ಬೆಂಚಿನ ಮೂಲೆಯನ್ನೇ ನೋಡಿದ. ಅವನ ಕೈ ತಾನಾಗಿ ಎದೆಯ ಲಿಂಗದ ಕಡೆ ಹೋಯಿತು, ಮುಟ್ಟಲು ಹೆದರಿ ಹಿಂದೆ ಬಂತು.

"ನಾ ಕುಡದಿದ್ದೆ" ಎಂದ. "ಕುಡದು ನಡುರಸ್ತ್ಯಾಗ ಗದ್ದಲ ಮಾಡಿದ್ದೆ. ಅದಕ್ಕ ಇದು ಶಿಕ್ಷಾ. ಸೇವಾ ಅಲ್ಲ, ಪುಣ್ಯಾನೂ ಅಲ್ಲ. ಸುಳ್ಳು ಹೇಳಿದ್ದೆ."

ಮುತ್ತಣ್ಣ ಕಣ್ಣೊರೆಸಿಕೊಂಡ.

"ಎಂಥಾ ವಿನಯ! ತಮ್ಮ ಮೇಲೇ ಆರೋಪ ಹೊರಿಸ್ಕೊತಾ ಇದಾರೆ!"

"ಖರೇ ಕುಡದಿದ್ದೆ ರೀ!" ಈರಯ್ಯ ಕೂಗಿದ. "ನಂಬ್ರೀ! ಒಬ್ಬರಾದ್ರೂ ನಂಬ್ರಿ!"

ನಂಬಿದವಳು ಒಬ್ಬಳೇ. ಸಂಗಮ್ಮ ಮೊದಲ ಮಾತಿಗೇ ನಂಬಿದ್ದಳು. ಅವಳು ಅಳಲಿಲ್ಲ, ಎದ್ದು ಹೋಗಲೂ ಇಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತ ಕೂತಿದ್ದಳು. ಅದನ್ನು ನೋಡಿ ಈರಯ್ಯನಿಗೆ ಇದಕ್ಕಿಂತ ಜೈಲೇ ವಾಸಿಯಿತ್ತು ಎನ್ನಿಸಿತು.

ಮೇಡಂ ಕೂಡ ಆ ಬೆಂಚಿನ ಕಡೆ ಒಮ್ಮೆ ನೋಡಿದರು. "ಜೈಲಿಗೆ ಕಳಿಸಲ್ಲ" ಎಂದರು. "ಉಳಿದ ಮೂರು ಭಾನುವಾರ ನಿಮ್ಮ ರಸ್ತೇಲೇ ಗುಡಿಸಿ. ನಿಮ್ಮ ಮನೆ ಮುಂದೆ. ಟವೆಲ್ ಬೇಡ. ಉಳಿದವರು ಪೊರಕೆ ಮುಟ್ಟಿದರೆ ಅವರಿಗೂ ಇದೇ ಶಿಕ್ಷೆ."

ಈ ಕೊನೆಯ ಮಾತು ಬೇಕಿರಲಿಲ್ಲ. ಮೇಯೋ ಹಾಲಿನಲ್ಲಿ ನಂಬದಿದ್ದವರೆಲ್ಲ ಕಗ್ಗದಾಸಪುರ ಮುಟ್ಟುವಷ್ಟರಲ್ಲಿ ಚೆನ್ನಾಗಿ ನಂಬಿದ್ದರು. ಹಾಗೆ ನೋಡಿದರೆ ತನಗೆ ಮೊದಲೇ ಅನುಮಾನವಿತ್ತು ಎಂದು ರಾಮಲಕ್ಷ್ಮಮ್ಮ ಗುಂಪಿನಲ್ಲಿ ಬರೆದಳು. ಸನ್ಮಾನದ ಹೊತ್ತಿನಲ್ಲಿ ರಸ್ತೆಯ ತುದಿಗೆ ಕಟ್ಟಿಸಿದ್ದ ಈರಯ್ಯನ ಚಿತ್ರದ ಫ್ಲೆಕ್ಸನ್ನು ಮುತ್ತಣ್ಣ ಇಳಿಸಿ ತನ್ನ ಬೈಕಿಗೆ ಹೊದಿಸಿದ. ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದ.

ಭಾನುವಾರ ಈರಯ್ಯ ಪೊರಕೆ ಹಿಡಿದು ಬೀದಿಗಿಳಿದ. ಅಂದು ಅದನ್ನು ಕಿತ್ತುಕೊಳ್ಳಲು ಯಾರೂ ಬರಲಿಲ್ಲ. ಹಲಸೂರಿನಲ್ಲಿ ಅದಕ್ಕಾಗಿ ಹೊಡೆದಾಡಿದ ಕೈಗಳೆಲ್ಲ ಬಾಲ್ಕನಿಗಳಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದವು. ಒಬ್ಬರಂತೂ ಅವನು ಗುಡಿಸಿ ಮುಂದೆ ಹೋದ ಜಾಗಕ್ಕೇ ಕಡಲೆಕಾಯಿ ಸಿಪ್ಪೆ ಹಾಕಿದರು. ಈರಯ್ಯ ಹಿಂತಿರುಗಿ ಅದನ್ನೂ ಗುಡಿಸಿದ. ಯಾರ ಬಕೆಟ್ಟಿನೊಳಗೂ ಇಣುಕಲಿಲ್ಲ.

"ಇವತ್ತು ನನಗೆ ಬರೆಯೋಕೆ ಸುಲಭ" ಎಂದ ಹುಸೇನಪ್ಪ, ಕುರ್ಚಿಯಲ್ಲಿ ಕಾಲು ಚಾಚಿ.

ಸಂಗಮ್ಮ ಕೋರ್ಟಿನಿಂದ ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟದ ತಟ್ಟೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಎರಡನೆಯ ಭಾನುವಾರವೂ ಹಾಗೆಯೇ ಹೋಯಿತು. ಮೂರನೆಯ ಭಾನುವಾರ ಕೆಲಸ ಮುಗಿಯುವ ಹೊತ್ತಿಗೆ, ಹುಸೇನಪ್ಪ ಬೀದಿಯ ತುದಿಗೆ ಚಹಾ ಕುಡಿಯಲು ಹೋಗಿದ್ದಾಗ, ಅವಳು ಗೇಟಿನವರೆಗೆ ಬಂದಳು. ಗೇಟಿನ ಸರಳು ಹಿಡಿದು ನಿಂತಳು. ಈರಯ್ಯನ ಕೈ ನಿಂತಿತು.

"ಒಂದು ಕೇಳ್ತೀನಿ, ಖರೇ ಹೇಳ್ತೀರೇನು?"

"ಹೇಳ್ತೀನಿ."

ಅವಳು ಬೀದಿಯ ಆಚೆ ಈಚೆ ನೋಡಿ ದನಿ ತಗ್ಗಿಸಿದಳು. "ಹ್ಯಾಂಗಿತ್ತದು?"

"ಯಾವುದು?"

"ಅದೇ. ನೀವು ಕುಡದಿದ್ದು. ರುಚಿ ಹ್ಯಾಂಗಿತ್ತು?"

ಈರಯ್ಯ ಯೋಚಿಸಿದ. ಜೀವನದಲ್ಲಿ ಮೊದಲ ಬಾರಿಗೆ ಅವನ ಕುತೂಹಲದಿಂದ ಸಿಕ್ಕಿದ ಒಂದು ಸಂಗತಿ ಯಾರಿಗೋ ಬೇಕಾಗಿತ್ತು. ಸುಳ್ಳು ಹೇಳಬಾರದು ಎನ್ನಿಸಿತು.

"ಕಹಿ ಇತ್ತು" ಎಂದ. "ಕೆಮ್ಮಿನ ಔಷಧ ಇದ್ದಂಗ."

"ಬರೇ ಕಹಿ?"

"ಬರೇ ಕಹಿ."

ಸಂಗಮ್ಮನ ಕಣ್ಣು ತುಂಬಿಕೊಂಡವು. "ಇಷ್ಟು ವರ್ಷ ಯಾರಿಗಿ ಕೇಳಬೇಕೋ ತಿಳಿದೇ ಇರಲಿಲ್ಲ" ಎಂದಳು. "ಏನೋ ಅಂಥಾದ್ದು ಇರ್ತದ, ಅದಕ್ಕೇ ನಮ್ಮಣ್ಣ ನಮಗೆಲ್ಲ ಬಿಟ್ಟು ಹೋದ ಅಂತ ತಿಳಕೊಂಡಿದ್ದೆ. ಬರೇ ಕಹಿಗಾ?"

ಈರಯ್ಯ ಪೊರಕೆಯನ್ನು ಎದೆಗೆ ಆನಿಸಿಕೊಂಡು ನಿಂತ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಗೇಟಿನಿಂದ ಬಗ್ಗಿ ನೆಲ ನೋಡಿದಳು.

"ಆ ಮೋರಿ ಬಾಜೂಕ ಉಳದದ ನೋಡ್ರಿ. ಸ್ವಚ್ಛ ಗುಡಸ್ರಿ" ಎಂದಳು. "ಗುಡಿಸಿ ಬರ್ರಿ, ರೊಟ್ಟಿ ಆರಲತ್ತಾವ."